ನಾನು ವಕೀಲನಾದ ನಿಕಾಹ್

ಅಳುವುದರಲ್ಲಿ ನಾನು ಗಟ್ಟಿಗ. ಬೇರೆ ಯಾವುದರಲ್ಲೂ ಅಲ್ಲ ಎನ್ನುವುದು ನನ್ನ ಹೆಂಡತಿ ರುಬೀನಾಳ ಅಭಿಪ್ರಾಯ. ಅದನ್ನು ಅವಳು ಯಾರ ಮುಂದೆಯೂ ಮುಚ್ಚಿಟ್ಟವಳಲ್ಲ. ಶಿವಮೊಗ್ಗದ ಕೋಟೆ ಕಡೆ ನನ್ನದೊಂದು ಸೀಟ್ ಕವರ್ ಅಂಗಡಿ ಇದೆ. ಬೈಕು, ಕಾರು, ಆಟೋ, ಯಾವುದರ ಸೀಟು ಹರಿದರೂ ಹೊಲಿದು ಕೊಡುತ್ತೇನೆ. ಹಗಲೆಲ್ಲ ದಪ್ಪ ರೆಕ್ಸಿನ್ನಿಗೆ ಸೂಜಿ ಚುಚ್ಚುವ ಇದೇ ಜಮ್ಶೀದ್, ಸಂಜೆ ಗೋಪಾಳದ ಮನೆಗೆ ಹೋಗಿ ಟಿವಿ ಮುಂದೆ ಕೂತರೆ ಸಾಕು, ಗಂಟಲು ಕಟ್ಟುತ್ತದೆ, ಮೂಗು ಸೋರುತ್ತದೆ, ಕರ್ಚೀಫು ಒದ್ದೆಯಾಗುತ್ತದೆ.

ಕಾರಣ ಒಂದು ಉರ್ದು ಧಾರಾವಾಹಿ. ಹೆಸರು 'ಬೇಆವಾಜ್ ಚೌಖಟ್'. ದನಿಯಿಲ್ಲದ ಹೊಸ್ತಿಲು ಎಂದುಕೊಳ್ಳಿ. ಪ್ರತಿ ಗುರುವಾರ ಸಂಜೆ ಯೂಟ್ಯೂಬಿನಲ್ಲಿ ಬರುತ್ತದೆ, ನಾನು ಅದನ್ನು ಫೋನಿನಿಂದ ಟಿವಿಗೆ ಹಾಕಿಕೊಂಡು ನೋಡುತ್ತೇನೆ. ಸಮಾಜದ ಅನ್ಯಾಯಗಳೇ ಅದರ ಕಥೆ. ಒಂದು ತಿಂಗಳು ವರದಕ್ಷಿಣೆ, ಇನ್ನೊಂದು ತಿಂಗಳು ಓದು ಬಿಡಿಸಿದ ಹುಡುಗಿ, ಮತ್ತೊಂದು ತಿಂಗಳು ಮನೆಗೆಲಸದವಳ ಮೇಲೆ ಕಳ್ಳತನದ ಆರೋಪ. ಅದರಲ್ಲಿ ಬರುವ ಗಂಡಸರೆಲ್ಲ ಒಬ್ಬರಿಗಿಂತ ಒಬ್ಬರು ಕಟುಕರು. ನಾನು ಅವರಿಗೆ ಹಿಡಿಶಾಪ ಹಾಕುತ್ತೇನೆ. "ನಾಚಿಕೆ ಆಗಲ್ವೇನೋ ನಿಂಗೆ!" ಎಂದು ಒಮ್ಮೆ ಎಷ್ಟು ಜೋರಾಗಿ ಕೂಗಿದೆನೆಂದರೆ, ರಸ್ತೆಯಲ್ಲಿ ಹೋಗುತ್ತಿದ್ದ ತರಕಾರಿ ಗಾಡಿಯವನು ನಿಂತು, ತಾನೇನು ತಪ್ಪು ಮಾಡಿದೆ ಎಂದು ಕೇಳಿದ.

ಇಷ್ಟೆಲ್ಲ ಅತ್ತಮೇಲೆ ನಾನೊಬ್ಬ ಒಳ್ಳೆಯ ಮನುಷ್ಯ ಎಂಬ ನಂಬಿಕೆ ನನಗೆ ಬಂದಿದ್ದರಲ್ಲಿ ಆಶ್ಚರ್ಯವಿಲ್ಲ. ಹೆಂಗಸರ ಕಷ್ಟ ಅರ್ಥ ಮಾಡಿಕೊಳ್ಳುವ ಗಂಡಸು ಈ ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಅದು ನಾನೇ ಎಂದುಕೊಂಡಿದ್ದೆ. ಒಂದು ಗುರುವಾರ, ಎಲ್ಲರೂ ಉಂಡು ಏಳುವವರೆಗೆ ನಿಂತೇ ಇರಬೇಕಾದ ಸೊಸೆಯೊಬ್ಬಳ ದೃಶ್ಯ ಬಂತು. ನಾನು ಬಿಕ್ಕುತ್ತಿದ್ದೆ. ಬಿಕ್ಕುತ್ತಲೇ ಅಡುಗೆಮನೆಯ ಕಡೆ ಕೂಗಿದೆ.

"ರುಬೀನಾ, ಚಾ ಏನಾಯ್ತು?"

ರುಬೀನಾ ಸೌಟು ಹಿಡಿದು ಬಂದು ಟಿವಿಗೆ ಅಡ್ಡ ನಿಂತಳು. "ಆ ಸೊಸೆ ಕಾಲು ನೋವು ಅಂತ ಅಳ್ತಾ ಕೂತಿದ್ದೀರಲ್ಲ, ನಾನು ಬೆಳಗ್ಗೆಯಿಂದ ಒಂದ್ ಗಳಿಗೆ ಕೂತಿದ್ದು ನೋಡಿದ್ರಾ?"

"ಸ್ವಲ್ಪ ಪಕ್ಕಕ್ಕೆ ಸರಿಯೇ ಮಾರಾಯ್ತಿ, ಮುಖ್ಯವಾದ ಸೀನು" ಎಂದೆ ನಾನು, ಹೆಂಗಸರ ಕಷ್ಟ ಅರ್ಥವಾಗುವ ಗಂಡಸು.

ನನ್ನ ಅಂಗಡಿಯ ಪಕ್ಕದಲ್ಲಿ ಏಕಾಂತಪ್ಪನ ಬ್ಯಾಟರಿ ಅಂಗಡಿ. ಪ್ರತಿ ಶುಕ್ರವಾರ ಬೆಳಗ್ಗೆ ಹಿಂದಿನ ದಿನದ ಕಥೆ ಅವನಿಗೆ ಒಪ್ಪಿಸಬೇಕು. ಒಪ್ಪಿಸುವಾಗ ಮತ್ತೊಮ್ಮೆ ಅಳು ಬರುತ್ತಿತ್ತು. ಧಾರಾವಾಹಿಯ ಶುದ್ಧ ಉರ್ದು ನನ್ನ ನಾಲಿಗೆಗೂ ಹತ್ತಿಬಿಟ್ಟಿತ್ತು. ಮನೆಯಲ್ಲಿ ನಾವಾಡುವ ದಖ್ಖನಿ ಬಿಟ್ಟು, ಗಿರಾಕಿಗಳಿಗೆ "ತಶ್ರೀಫ್ ರಖಿಯೇ", ದಯಮಾಡಿ ಆಸೀನರಾಗಿ, ಎಂದು ಸ್ಪಂಜು ಕಿತ್ತು ಬಂದ ಸೀಟು ತೋರಿಸುತ್ತಿದ್ದೆ. ಏಕಾಂತಪ್ಪ ಅದನ್ನು ನೋಡಿ, "ನಿನ್ ಅಂಗಡೀಲಿ ಸೀಟು ಹೊಲಿಸೋಕೆ ಇನ್ಮೇಲೆ ಶೇರ್ವಾನಿ ಹಾಕ್ಕೊಂಡ್ ಬರ್ಬೇಕೇನೋ ಮಾರಾಯ" ಎನ್ನುತ್ತಿದ್ದ.

ಈ ಧಾರಾವಾಹಿಯ ವಿಷಯದಲ್ಲಿ ನನ್ನನ್ನು ಗಂಭೀರವಾಗಿ ತೆಗೆದುಕೊಂಡವಳು ಒಬ್ಬಳೇ. ನನ್ನ ಅಕ್ಕ ಜೈನಾಬಿಯ ಮಗಳು ಶಿರೀನ್. ಅವರು ಇರುವುದು ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಶಿರೀನ್ ಅಲ್ಲೇ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಅವಳೂ ಗುರುವಾರ ತಪ್ಪದೆ ನೋಡುತ್ತಿದ್ದಳು, ಮುಗಿದ ತಕ್ಷಣ ಫೋನ್ ಮಾಡುತ್ತಿದ್ದಳು. ಮಾತಾಡುತ್ತಿದ್ದದ್ದು ಹೆಚ್ಚಾಗಿ ನಾನೇ. ಅವಳು "ಹೌದು ಮಾಮು, ನಿಜ ಮಾಮು" ಎಂದು ಕೇಳಿಸಿಕೊಳ್ಳುತ್ತಿದ್ದಳು. ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುವ ಹುಡುಗಿ ಸಿಕ್ಕರೆ ಯಾವ ಮಾಮನಿಗೆ ಖುಷಿಯಾಗುವುದಿಲ್ಲ?

ಅವಳಿಗೆ ಮದುವೆ ಗೊತ್ತಾಯಿತು. ಹುಡುಗ ಇಲಿಯಾಸ್, ಶಿವಮೊಗ್ಗದಲ್ಲೇ ಮೊಬೈಲ್ ಅಂಗಡಿ, ಸಿಗರೇಟು ಸಹ ಸೇದದವನು. ಭಾವ ಅಬ್ಬಾಸ್ ಅಲಿಗೆ ಹುಡುಗ ತುಂಬ ಹಿಡಿಸಿದ್ದ. ಅವರು ಮೊದಲು ಲಾರಿ ಓಡಿಸುತ್ತಿದ್ದವರು, ಈಗ ಲಾರಿ ಇಟ್ಟುಕೊಂಡವರು, ಯಾವುದನ್ನೂ ಎರಡನೇ ಸಲ ಯೋಚಿಸದವರು. ಹುಡುಗನ ತಾಯಿ, ಮದುವೆಯಾದ ಮೇಲೆ ಲ್ಯಾಬು ಗೀಬು ಬೇಡ ಎಂದರಂತೆ. ಭಾವ, "ಅದೇನ್ ದೊಡ್ಡ ವಿಷಯ" ಎಂದು ಸಿಹಿ ಹಂಚಿಬಿಟ್ಟರು. ಶಿರೀನ್ ತನಗೆ ಇಷ್ಟವಿಲ್ಲ ಎಂದು ತಾಯಿಗೆ ಹೇಳಿದಳು. ತಾಯಿ, ಎಲ್ಲ ಹುಡುಗಿಯರೂ ಮೊದಮೊದಲು ಹಾಗೇ ಅನ್ನುತ್ತಾರೆ ಎಂದು ಬಟ್ಟೆ ಅಂಗಡಿಗೆ ಕರೆದುಕೊಂಡು ಹೋದಳು. ಇದೆಲ್ಲ ನನಗೆ ಗೊತ್ತಿತ್ತೇ ಎಂದರೆ, ಅಕ್ಕ ಹೇಳಿದ್ದಳು. ನಾನು ಕೇಳಿಸಿಕೊಂಡಿದ್ದೆ. ಆದರೆ ಅದು ಅನ್ಯಾಯ ಎಂದು ನನಗೆ ಹೊಳೆಯಲೇ ಇಲ್ಲ. ಧಾರಾವಾಹಿಯಲ್ಲಿದ್ದ ಹಾಗೆ ಹಿನ್ನೆಲೆಯಲ್ಲಿ ಸಾರಂಗಿ ಇರಲಿಲ್ಲವಲ್ಲ!

ಅದೇ ದಿನಗಳಲ್ಲಿ ಧಾರಾವಾಹಿಯಲ್ಲಿ ಒಂದು ನಿಕಾಹ್ ಬಂತು. ನಮ್ಮಲ್ಲಿ ನಿಕಾಹಿನ ಹೊತ್ತಿಗೆ ಹುಡುಗಿ ಗಂಡಸರ ಕಡೆ ಬರುವುದಿಲ್ಲ. ಅವಳ ಕಡೆಯ ಒಬ್ಬ ಹಿರಿಯ, ಹೆಚ್ಚಾಗಿ ಮಾಮನೋ ಚಾಚಾನೋ, ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೆಂಗಸರ ಕೋಣೆಗೆ ಹೋಗಿ, "ಇಂಥವನ ಜೊತೆ ನಿನ್ನ ನಿಕಾಹ್ ಮಾಡಿಸಲು ಒಪ್ಪಿಗೆ ಇದೆಯಾ?" ಎಂದು ಕೇಳಬೇಕು. ಅವಳ ಉತ್ತರವನ್ನು ಹೊರಗೆ ಕೂತ ಖಾಜಿ ಸಾಹೇಬರಿಗೆ ತಂದು ಒಪ್ಪಿಸಬೇಕು. ಇವನನ್ನು ವಕೀಲ್ ಎನ್ನುತ್ತಾರೆ. ಕೋರ್ಟಿಗೂ ಇವನಿಗೂ ಸಂಬಂಧವಿಲ್ಲ. ಕೇಳುವುದು ಪದ್ಧತಿ, ಉತ್ತರಕ್ಕೆ ಕಾಯುವುದು ಪದ್ಧತಿಯಲ್ಲ. ಹುಡುಗಿ ತಲೆ ತಗ್ಗಿಸಿದರೆ ಹೂಂ, ಅತ್ತರೆ ಹೂಂ, ಕೆಮ್ಮಿದರೂ ಹೂಂ. ಪಕ್ಕದಲ್ಲಿ ಕೂತ ಮುದುಕಿಯರು ಅವಳ ಪರವಾಗಿ ಹೂಂ ಅಂದು ಮುಬಾರಕ್ ಹೇಳಿ ಮುಗಿಸುತ್ತಾರೆ. ಧಾರಾವಾಹಿಯ ಹುಡುಗಿಗೂ ಹಾಗೇ ಆಯಿತು. ಮೂರು ಸಲ ಕೇಳಿದರೂ ಅವಳು ಬಾಯೇ ಬಿಡಲಿಲ್ಲ. ಅವಳ ಮಾಮು ಹೊರಗೆ ಬಂದು ಒಪ್ಪಿದಳು ಎಂದ. ನಾನು ಕರ್ಚೀಫು ಬಿಟ್ಟು ಟವೆಲ್ ತಗೊಂಡೆ.

ಫೋನ್ ಬಂತು.

"ಮಾಮು, ಆ ಹುಡುಗಿ ಮಾತೇ ಆಡ್ಲಿಲ್ಲ. ಅದನ್ನ ಹೂಂ ಅಂತ ಹೇಗೆ ತಗೊಂಡ್ರು?"

"ಆ ಮಾಮುನ ಭದ್ರಾ ಸೇತುವೆ ಮೇಲಿಂದ ಕೆಳಗೆ ನೂಕ್ಬೇಕು ಕಣೇ!"

"ಅವನ ಜಾಗದಲ್ಲಿ ನೀವಿದ್ದಿದ್ರೆ?"

"ನಾನಾ? ಅವಳ ಬಾಯಿಂದ ಮಾತು ಬರೋ ತನಕ ಜಾಗ ಬಿಟ್ಟು ಕದಲ್ತಿರ್ಲಿಲ್ಲ. ಖಾಜಿ ಕಾಯ್ಲಿ, ಬಿರಿಯಾನಿ ಆರ್ಲಿ, ನಂಗೇನು?"

"ಮಾಮು, ನಂಗೂ ಈ ಮದುವೆ..."

"ತಡಿ, ಅದಿರ್ಲಿ, ಆ ಹುಡುಗಿ ಆಕ್ಟಿಂಗ್ ನೋಡಿದ್ಯಾ? ಗ್ಲಿಸರಿನ್ ಹಾಕಿರೋ ಹಾಗೇ ಕಾಣಲ್ಲ!"

ಅವಳು ಅದಕ್ಕೂ "ಹೌದು ಮಾಮು" ಎಂದಳು. ಆಮೇಲೆ, "ಮಾಮು, ನನ್ನ ನಿಕಾಹಿಗೆ ವಕೀಲ್ ನೀವೇ ಆಗ್ಬೇಕು" ಎಂದಳು.

ಕತ್ತೆಗೂ ಅರ್ಥವಾಗುವ ಮಾತು. ನಾನು ಮಾತ್ರ ಆ ರಾತ್ರಿ ಕನ್ನಡಿ ಮುಂದೆ ನಿಂತು, ನನ್ನ ದನಿ ಚೆನ್ನಾಗಿದೆ ಅಂತಲೇ ಹುಡುಗಿ ನನ್ನನ್ನು ಆರಿಸಿದ್ದಾಳೆ ಎಂದುಕೊಂಡೆ. ಕಂದು ಬಣ್ಣದ ಶೇರ್ವಾನಿ ಹೊಲಿಸಿದೆ. ಅಂಗಡಿಯಲ್ಲಿ ಹೊಲಿಗೆ ಯಂತ್ರ ನಿಲ್ಲಿಸಿ ಅಭ್ಯಾಸ ಮಾಡಿದೆ. ಏಕಾಂತಪ್ಪ ತನ್ನ ಬ್ಯಾಟರಿಗಳ ನಡುವೆ ಹುಡುಗಿಯಾಗಿ ತಲೆ ತಗ್ಗಿಸಿ ಕೂತ. ನಾನು ಉದ್ದುದ್ದ ಉರ್ದುವಿನಲ್ಲಿ ಕೇಳಿದೆ. ಅವನು, "ನಂಗೆ ಒಪ್ಪಿಗೆ, ಆದ್ರೆ ನಿಮ್ ಹುಡುಗನಿಗೆ ನನ್ ಮೀಸೆ ಅಭ್ಯಂತರ ಇಲ್ವಾ ಕೇಳು" ಎಂದ.

ಮದುವೆ ಭಾನುವಾರ ಮಧ್ಯಾಹ್ನ, ಭದ್ರಾವತಿಯ ಒಂದು ಶಾದಿ ಮಹಲಿನಲ್ಲಿ. ಜನ ಕಿಕ್ಕಿರಿದಿದ್ದರು. ಏಕಾಂತಪ್ಪನಂಥವರಿಗೆಂದು ಒಂದು ಕಡೆ ಸಸ್ಯಾಹಾರದ ಪಂಕ್ತಿ, ಅವನು ಆಗಲೇ ಅದರ ಹತ್ತಿರ ಜಾಗ ಹಿಡಿದಿದ್ದ. ಖಾಜಿ ಸಾಹೇಬರು ನನಗೆ ಕೈ ಸನ್ನೆ ಮಾಡಿದರು. ನಾನು ಇಬ್ಬರು ಸಾಕ್ಷಿಗಳನ್ನು ಹಿಂದಿಟ್ಟುಕೊಂಡು ಹೆಂಗಸರ ಕೋಣೆಗೆ ಹೊರಟೆ. ನಡೆಯುವಾಗಲೇ ನನ್ನೊಳಗೆ ಸಾರಂಗಿ ಶುರುವಾಗಿತ್ತು.

ಕೋಣೆಯ ತುಂಬ ಮಲ್ಲಿಗೆ, ಜರಿ, ಮಕ್ಕಳ ಗಲಾಟೆ. ಮಧ್ಯದಲ್ಲಿ ಕೆಂಪು ಓಢಣಿ ಮುಖದ ಮೇಲೆ ಎಳೆದುಕೊಂಡು ಶಿರೀನ್. ಅವಳ ಒಂದು ಪಕ್ಕ ನನ್ನ ಅಕ್ಕ, ಇನ್ನೊಂದು ಪಕ್ಕ ಭಾವನ ಅಕ್ಕ, ಎಲ್ಲರೂ ಬಡೀ ಫೂಫು ಎನ್ನುವ ಮುದುಕಿ. ಹೆಂಗಸರ ಕಡೆ ವಿಡಿಯೋ ಮಾಡಲು ಸುಮನಾ ಎಂಬ ಹುಡುಗಿಯನ್ನು ಕರೆಸಿದ್ದರು. ಕ್ಯಾಮೆರಾದ ಕೆಂಪು ದೀಪ ನೋಡಿದ್ದೇ ನನ್ನ ಎದೆ ಉಬ್ಬಿತು. "ಶಿರೀನ್ ಬಿನ್ತೆ ಅಬ್ಬಾಸ್ ಅಲಿ", ಅಂದರೆ ಅಬ್ಬಾಸ್ ಅಲಿಯ ಮಗಳು ಶಿರೀನ್, ಎಂದು ಶುರು ಮಾಡಿದೆ. ನನ್ನ ದನಿ ನನಗೇ ಇಷ್ಟವಾಯಿತು. ಅರ್ಧಕ್ಕೆ ಬರುವಾಗ, ನಾನು ಎತ್ತಿ ಆಡಿಸಿದ ಕೂಸು ಇದು ಎಂದು ನೆನಪಾಗಿ ಅಳು ಒತ್ತರಿಸಿ ಬಂತು. ಕರ್ಚೀಫು ಮುಖಕ್ಕೆ ಒತ್ತಿಕೊಂಡೆ. ಪ್ರಶ್ನೆ ಹೇಗೋ ಮುಗಿಯಿತು.

"ಹೂಂ ಅಂದ್ಲು, ಹೂಂ ಅಂದ್ಲು. ಹೊರಡಪ್ಪ" ಎಂದಳು ಬಡೀ ಫೂಫು. ಹೆಂಗಸರು ಮುಬಾರಕ್ ಎಂದರು. ಶಿರೀನ್ ಓಢಣಿಯ ಒಳಗಿನಿಂದ ತಲೆ ಎತ್ತಿ ನನ್ನ ಕಡೆ ನೋಡಿದಂತಾಯಿತು. ಮಾಮನ ಮೇಲಿನ ಪ್ರೀತಿ ಎಂದುಕೊಂಡೆ. ಹೊರಗೆ ಬಂದೆ.

ಹೌದು. ನಾನು ಹೊರಗೆ ಬಂದೆ. ಸೇತುವೆ ಮೇಲಿಂದ ನೂಕಬೇಕಾದವನ ಹಾಗೇ.

ಬಾಗಿಲ ಹೊರಗೆ ಸುಮನಾ ನನ್ನ ಹಿಂದೆ ಓಡಿ ಬಂದಳು. "ಅಂಕಲ್, ಒಂದ್ ನಿಮಿಷ. ನೀವು ಕರ್ಚೀಫ್ ಅಡ್ಡ ಹಿಡಿದ್ರಲ್ಲ, ನಿಮ್ಮ ಮುಖಾನೇ ಬಿದ್ದಿಲ್ಲ. ಶೇರ್ವಾನಿ ಕಾಲರ್ ಮಾತ್ರ ಇದೆ."

ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಶಿರೀನ್ ಇರಲಿಲ್ಲ. ನಿಕಾಹ್ ಇರಲಿಲ್ಲ. ಅಷ್ಟು ಅಭ್ಯಾಸ ಮಾಡಿದ ಮಾತು, ಹೊಲಿಸಿದ ಶೇರ್ವಾನಿ, ಎಲ್ಲ ಸೇರಿ ಒಂದು ಕಾಲರ್ ಆಯಿತಲ್ಲ ಎಂಬ ಸಂಕಟ ಮಾತ್ರ ಇತ್ತು. ನಾನು ತಿರುಗಿದೆ.

"ಭಾಯ್, ಖಾಜಿ ಸಾಹೇಬ್ರು ಕಾಯ್ತಿದ್ದಾರೆ" ಎಂದ ಒಬ್ಬ ಸಾಕ್ಷಿ.

"ಮೂರು ಸಲ ಕೇಳ್ಬೇಕು. ಹಾಗೆಲ್ಲ ಒಂದೇ ಸಲಕ್ಕೆ ಮುಗ್ಸೋ ಹಾಗಿಲ್ಲ" ಎಂದೆ ಗಂಭೀರವಾಗಿ. ಧಾರಾವಾಹಿಯಲ್ಲಿ ಮೂರು ಸಲ ಕೇಳಿದ್ದನ್ನು ಬಿಟ್ಟರೆ ಆ ಮಾತಿಗೆ ನನ್ನಲ್ಲಿ ಬೇರೆ ಆಧಾರವಿರಲಿಲ್ಲ. ಸಾಕ್ಷಿಗಳು ಪಾಪ, ಇವನಿಗೆ ಶರೀಅತ್ ಚೆನ್ನಾಗಿ ಗೊತ್ತು ಎಂದುಕೊಂಡು ಹಿಂದೆ ಬಂದರು.

ಈ ಸಲ ಕರ್ಚೀಫು ಜೇಬಿನಲ್ಲಿಟ್ಟೆ. ಬೆಳಕು ಬರುವ ಕಡೆ ಮುಖ ಮಾಡಿ ನಿಂತೆ. ಗಂಟಲು ಸರಿಮಾಡಿಕೊಂಡೆ. ಬಾಯಿ ತೆರೆಯುವ ಮೊದಲೇ ಶಿರೀನ್ ಓಢಣಿಯನ್ನು ತಾನೇ ಎತ್ತಿ ಹಿಂದಕ್ಕೆ ಹಾಕಿದಳು. ಅವಳು ಅತ್ತಿರಲಿಲ್ಲ. ಮುಖ ಬೆವರಿತ್ತು.

"ಬಂದ್ರಾ ಮಾಮು" ಎಂದಳು. "ಆಗ ನನ್ನ ಬಾಯಿಂದ ಮಾತೇ ಹೊರಡ್ಲಿಲ್ಲ. ನೀವು ಹೊರಟ್ಹೋದಾಗ ಜೀವಾನೇ ಹೋದ ಹಾಗಾಯ್ತು. ಆದ್ರೂ ವಾಪಸ್ ಬರ್ತೀರಂತ ಗೊತ್ತಿತ್ತು ನಂಗೆ."

ಏನು ಹೇಳಲಿ? ಮಗಳೇ, ನಾನು ಕಾಲರ್ ವಿಷಯಕ್ಕೆ ಬಂದೆ ಎಂದೇ?

"ನಂಗೆ ಈ ನಿಕಾಹ್ ಬೇಡ ಮಾಮು."

ಮಕ್ಕಳ ಗಲಾಟೆ ಕೂಡ ನಿಂತಿತು. ಬಡೀ ಫೂಫು ಮೊದಲು ಚೇತರಿಸಿಕೊಂಡಳು. "ಹುಡುಗಿ ಹೆದರಿದ್ದಾಳೆ, ಅದನ್ನೆಲ್ಲ ಕಿವಿಗೆ ಹಾಕ್ಕೋಬಾರ್ದು" ಎಂದು ಓಢಣಿ ಎಳೆಯಲು ಕೈ ಹಾಕಿದಳು. ಶಿರೀನ್ ಬಿಡಲಿಲ್ಲ. ನನ್ನ ಅಕ್ಕ ಎದ್ದು ಬಂದು ನನ್ನ ತೋಳು ಹಿಡಿದಳು. "ಜಮ್ಶೀದ್, ಹೋಗಿ ಹೂಂ ಅಂದ್ಲು ಅಂತ ಹೇಳು. ಊರೆಲ್ಲ ಹೊರಗೆ ಕೂತಿದೆ. ನಿನ್ನ ಕಾಲು ಹಿಡ್ಕೋತೀನಿ."

ನನಗೆ ಹೆದರಿಕೆಯಾಯಿತು. ಮುಚ್ಚಿಡುವುದೇನು, ಓಡಿಹೋಗಬೇಕು ಅನ್ನಿಸಿತು. ಅಕ್ಕನ ಮಾತು ಕೇಳಿದರೆ ಎಲ್ಲ ಸಲೀಸು. ಹೊರಗೆ ಹೋಗಿ ಒಂದು ಮಾತು, ಆಮೇಲೆ ಬಿರಿಯಾನಿ. ಅಂಥ ಸುಲಭದ ದಾರಿ ಕಂಡರೆ ಬಿಡುವ ಜಾತಿಯವನಲ್ಲ ನಾನು. ಆದರೆ ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಇಲ್ಲದ ಒಬ್ಬ ಮಾಮುವನ್ನು ನಂಬಿ ಅವಳು ಬಾಯಿ ಬಿಟ್ಟಿದ್ದಳು. ಆ ಮಾಮು ಇಲ್ಲ ಎಂದು ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಹಾಗಾಗಿ ಅವನಾಗಿಯೇ ಹೊರಗೆ ನಡೆದೆ. ಶೇರ್ವಾನಿ ಮಾತ್ರ ನನ್ನದೇ ಆಗಿತ್ತು.

ಖಾಜಿ ಸಾಹೇಬರ ಎದುರು ಕೂತೆ. ಉರ್ದುವೆಲ್ಲ ಎಲ್ಲಿ ಹೋಯಿತೋ! ಒಂದು ಪದ ಬರಲಿಲ್ಲ.

"ಬೇಡವಂತೆ" ಎಂದೆ.

"ಏನು ಬೇಡವಂತೆ?" ಎಂದು ಕೇಳಿದರು ಅವರು. ನೀರು ಬೇಕಾ, ಮೈಕ್ ಬೇಕಾ ಎಂಬ ವಿಷಯ ಎಂದುಕೊಂಡಿರಬೇಕು.

"ನಿಕಾಹ್."

ಭಾವ ಅಬ್ಬಾಸ್ ಅಲಿ ಎದ್ದವರೇ ನನ್ನ ಶೇರ್ವಾನಿಯ ಕುತ್ತಿಗೆಪಟ್ಟಿ ಹಿಡಿದರು. "ಟಿವಿ ನೋಡಿ ನೋಡಿ ತಲೆ ಕೆಟ್ಟಿದೆ ಇವನಿಗೆ! ಏ, ಸರಿಯಾಗಿ ಹೇಳೋ!"

"ಸರಿಯಾಗೇ ಹೇಳ್ತಿದ್ದೀನಿ ದೂಲ್ಹಾಭಾಯ್. ಬೇಡ ಅಂದ್ಲು" ಎಂದೆ ಭಾವನಿಗೆ.

ಹುಡುಗನ ತಂದೆ ನನ್ನ ಮುಂದೆ ಬಂದು ನಿಂತರು. ಸಭ್ಯಸ್ಥರು, ದನಿ ಏರಿಸಲಿಲ್ಲ. "ಕಾರಣ ಏನಂತೆ?"

"ಕೇಳ್ಲಿಲ್ಲ" ಎಂದೆ.

ಇಡೀ ಸಭೆ ನನ್ನನ್ನು ನೋಡಿತು. ಸಸ್ಯಾಹಾರದ ಪಂಕ್ತಿಯಲ್ಲಿ ಏಕಾಂತಪ್ಪ ಹೋಳಿಗೆ ಮುರಿದ ಕೈ ಹಾಗೇ ನಿಲ್ಲಿಸಿ ಕೂತಿದ್ದ. ಖಾಜಿ ಸಾಹೇಬರು ಸಾಕ್ಷಿಗಳನ್ನು ಕೇಳಿದರು. ಇಬ್ಬರೂ ನೆಲ ನೋಡುತ್ತಾ ಹೌದು, ನಾವೂ ಕೇಳಿಸಿಕೊಂಡೆವು ಎಂದರು.

"ಹುಡುಗಿ ಸುಮ್ಮನಿದ್ರೆ ಒಪ್ಪಿಗೆ ಅಂತ ತಗೊಳ್ಳೋದು ಹಿಂದಿನಿಂದ ನಡ್ಕೊಂಡ್ ಬಂದಿದೆ" ಎಂದರು ಖಾಜಿ ಸಾಹೇಬರು. "ಬಾಯಿ ಬಿಟ್ಟು ಬೇಡ ಅಂದ್ಮೇಲೆ ಯಾರೂ ಏನೂ ಮಾಡೋ ಹಾಗಿಲ್ಲ. ಕಾರಣಾನೂ ಬೇಕಿಲ್ಲ." ಅವರು ಪೆನ್ನಿನ ಮುಚ್ಚಳ ಹಾಕಿದರು. ಇಲಿಯಾಸ್ ತಲೆಯ ಹೂವಿನ ಸೆಹ್ರಾ ತೆಗೆದು ಪಕ್ಕದ ಕುರ್ಚಿಯ ಮೇಲಿಟ್ಟು, "ಮೊದ್ಲೇ ಯಾರಾದ್ರೂ ಹೇಳ್ಬಹುದಿತ್ತು" ಎಂದ. ಅವನ ಮೇಲೆ ನನಗೆ ಕನಿಕರವಾಯಿತು. ಮೊದಲೇ ಹೇಳಬಹುದಾಗಿದ್ದ ಆ ಯಾರಾದರೂ ನಾನೇ ಆಗಿದ್ದೆ.

ಆಮೇಲೆ ಬೈಗುಳದ ಮಳೆ. ಭಾವನ ಕಡೆಯವರು, ಹುಡುಗನ ಕಡೆಯವರು, ನನ್ನ ಕಡೆಯವರು, ಎಲ್ಲರೂ ಬೈದರು. ನಾನು ಟಿವಿಯ ಗಂಡಸರಿಗೆ ಬೈಯುತ್ತಿದ್ದ ಮಾತುಗಳೇ ಅವು, ಆದರೆ ಇವರು ಇನ್ನೂ ಚೆನ್ನಾಗಿ ಬೈಯುತ್ತಿದ್ದರು. ಏಕಾಂತಪ್ಪ ಮೆಲ್ಲಗೆ ನನ್ನ ಹಿಂದೆ ಬಂದು, "ಊಟ ಮುಗಿಸ್ಲೋ ಬೇಡ್ವೋ ಮಾರಾಯ? ಅರ್ಧದಲ್ಲಿ ಎದ್ದ್ ಬಂದಿದ್ದೀನಿ" ಎಂದು ಕೇಳಿದ. ಮುಗಿಸು ಎಂದೆ. ಅವತ್ತು ಹೊಟ್ಟೆತುಂಬ ಉಂಡವನು ಅವನೊಬ್ಬನೇ ಇರಬೇಕು.

ಭಾವನ ಕೋಪ ಇಳಿಯುವವರೆಗೆ ಹುಡುಗಿ ಶಿವಮೊಗ್ಗದಲ್ಲಿರಲಿ ಎಂದು ತೀರ್ಮಾನಿಸಿದವಳು ರುಬೀನಾ. ಅಕ್ಕ ನನ್ನ ಮುಖ ನೋಡಲಿಲ್ಲ, ಆದರೆ ಮಗಳ ಬಟ್ಟೆಯ ಚೀಲವನ್ನು ತಾನೇ ತಂದು ನಮ್ಮ ಓಮ್ನಿ ವ್ಯಾನಿನಲ್ಲಿಟ್ಟಳು. ಶಿರೀನ್ ಮದುವೆ ಬಟ್ಟೆಯಲ್ಲೇ ಹಿಂದಿನ ಸೀಟಿನಲ್ಲಿ ಕೂತಳು. ನಾನು ಗಾಡಿ ಹೊರಡಿಸಿದೆ. ಊರು ದಾಟಿದ ಮೇಲೆ ಕನ್ನಡಿಯಲ್ಲಿ ಅವಳನ್ನು ನೋಡಿ, ಅವತ್ತಿನ ಮಟ್ಟಿಗೆ ಮೊದಲ ಬುದ್ಧಿವಂತ ಕೆಲಸ ಮಾಡಿದೆ.

"ಯಾಕೆ ಬೇಡ ಅಂದೆ ಮಗಳೇ?"

"ಅವರಲ್ಲಿ ಯಾರೂ ಕೆಟ್ಟವರಲ್ಲ ಮಾಮು" ಎಂದಳು. "ಲ್ಯಾಬಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂತಾಗ ನಂಗೆ ಎಷ್ಟ್ ಖುಷಿ ಆಗುತ್ತೆ ಗೊತ್ತಾ? ಅದನ್ನ ಯಾಕೆ ಬಿಡ್ಬೇಕು ಅಂತ ಕೇಳಿದ್ರೆ ಯಾರ ಹತ್ರಾನೂ ಉತ್ತರ ಇರ್ಲಿಲ್ಲ. ಅಷ್ಟೇ." ಆಮೇಲೆ ಅವಳು ಲ್ಯಾಬಿನ ಬಗ್ಗೆ ಹೇಳುತ್ತಾ ಹೋದಳು, ಯಾವ ಕಣ ಹೇಗಿರುತ್ತದೆ, ಯಾವ ರೋಗಿ ಸೂಜಿ ನೋಡಿ ಓಡಿಹೋದ. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಹೇಳುತ್ತಾ ಹೇಳುತ್ತಾ ಅವಳಿಗೆ ನಿದ್ದೆ ಬಂತು.

ಅವಳು ಮಲಗಿದ್ದೇ ತಡ, ನನ್ನ ಹಳೆಯ ಚಾಳಿ ತಲೆ ಎತ್ತಿತು. ಎದೆ ಮತ್ತೆ ಉಬ್ಬತೊಡಗಿತು. ಎಂಥ ಸಭೆ, ಎಂಥ ಮಾತು! ಪಕ್ಕದಲ್ಲಿ ಕೂತ ರುಬೀನಾಳ ಕಡೆ ತಿರುಗಿ, "ನೋಡಿದ್ಯಾ? ಎರಡನೇ ಸಲ ಹೋಗಿ ಕೇಳ್ದೆ ನಾನು" ಎಂದೆ.

"ಸುಮನಾ ನಂಗೆ ಎಲ್ಲ ಹೇಳಿದ್ಲು" ಎಂದಳು ರುಬೀನಾ. "ಕಾಲರ್ ಚೆನ್ನಾಗ್ ಬಂದಿದ್ಯಂತೆ."

ಉಬ್ಬಿದ್ದು ಇಳಿಯಿತು. ಲಾರಿಯೊಂದು ಹಾರ್ನ್ ಹೊಡೆಯುತ್ತಾ ದಾಟಿ ಹೋಯಿತು.

"ಇರ್ಲಿ ಬಿಡಿ, ಯಾವ್ದಕ್ಕೋ ಒಂದಕ್ಕೆ ವಾಪಸ್ ಹೋದ್ರಲ್ಲ" ಎಂದಳು ಅವಳು, ರಸ್ತೆ ನೋಡುತ್ತಾ. "ನನ್ನನ್ನ ಕೇಳೋಕೆ ಬಂದವರು ಒಂದೇ ಸಲ ಬಂದ್ರು. ನಾನಿನ್ನೂ ತಲೆ ಎತ್ತಿರ್ಲಿಲ್ಲ, ನಮ್ಮ ಖಾಲಾ ಹೂಂ ಅಂದ್ಬಿಟ್ರು."

ನಮ್ಮ ನಿಕಾಹಿನಲ್ಲಿ ಹೊರಗೆ ಖಾಜಿಯ ಎದುರು ಸೆಹ್ರಾ ಕಟ್ಟಿಕೊಂಡು ಕೂತಿದ್ದವನು ನಾನು. ಒಳಗಿಂದ ಒಪ್ಪಿಗೆ ಬಂತು ಎಂದಾಗ ಎಷ್ಟು ಹಿಗ್ಗಿದ್ದೆ! ಅದು ಯಾರ ಒಪ್ಪಿಗೆ ಎಂದು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅನುಮಾನ ಬಂದಿರಲಿಲ್ಲ. ಅಷ್ಟು ವರ್ಷ ನಾನು ಚಾ ಕುಡಿದದ್ದು ಅವಳ ಚಿಕ್ಕಮ್ಮ ಒಪ್ಪಿದ್ದಕ್ಕೆ.

"ಆವತ್ತು ಎರಡನೇ ಸಲ ಕೇಳಿದ್ರೆ ಏನಂತಿದ್ದೆ?" ಎಂದೆ. ನಗುತ್ತಾ ಕೇಳಬೇಕೆಂದುಕೊಂಡಿದ್ದೆ, ನಗು ಬರಲಿಲ್ಲ.

ರುಬೀನಾ ಕಿಟಕಿಯ ಕಡೆ ತಿರುಗಿದಳು. ತುಂಗಾ ಸೇತುವೆ ದಾಟಿದೆವು. ಗೋಪಾಳ ಬಂತು. ಮನೆ ಮುಂದೆ ಗಾಡಿ ನಿಲ್ಲಿಸಿದೆ. ಅವಳು ಇನ್ನೂ ಏನೂ ಹೇಳಿರಲಿಲ್ಲ. ಆ ಮೌನವನ್ನು ಹೂಂ ಎಂದು ತಿಳಿದುಕೊಳ್ಳುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ. ಇಂಜಿನ್ ಆರಿಸಿ, ಸ್ಟೇರಿಂಗ್ ಹಿಡಿದುಕೊಂಡೇ ಅವಳ ಉತ್ತರಕ್ಕೆ ಕಾಯುತ್ತಾ ಕೂತೆ.